ಭಾವನ ಬೈಕೂ ಇಳಿಯಲೊಲ್ಲದ ಗೇರೂ

ನಮ್ಮ ಭಾವನ ಬೈಕಿಗೆ ಏರುವುದು ಮಾತ್ರ ಗೊತ್ತು, ಇಳಿಯುವುದು ಗೊತ್ತಿಲ್ಲ. ಬೈಕಿನ ಮಾತು ಹಾಗಿರಲಿ, ಭಾವನಿಗಾದರೂ ಗೊತ್ತಿದೆಯೇ? ಮಾತಿನಲ್ಲಿ ಒಂದು ಸಲ ಮೇಲೇರಿದರೆಂದರೆ ಮುಗಿಯಿತು. "ಹೋಗ್ಲಿ ಬಿಡಪ್ಪ, ನೀ ಹೇಳಿದ್ದೇ ಸರಿ" ಎಂಬ ಎರಡನೇ ಗೇರಿಗೆ ಅವರು ಇಳಿದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಅಕ್ಕನನ್ನು ಮದುವೆಯಾದ ದಿನ ಟಾಪ್ ಗೇರಿಗೆ ಹಾಕಿದವರು ಇನ್ನೂ ಅದರಲ್ಲೇ ಇದ್ದಾರೆ!

ಭಾವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೋಗುವ ಅರ್ಧ ಜನ ಅವರ ಬೈಗುಳ ತಿಂದೇ ಊರು ಮುಟ್ಟಿದ್ದಾರೆ. ಈಗ ಕೆಲಸ ಬಿಟ್ಟು ಗೋವಿನಕೋವಿಯಲ್ಲಿ ಇರುವಷ್ಟು ಗದ್ದೆ ನೋಡಿಕೊಂಡಿದ್ದಾರೆ. ಕೆಲಸ ಬಿಟ್ಟರೇ ಹೊರತು ಬಸ್ಸನ್ನು ಬಿಡಲಿಲ್ಲ ನೋಡಿ. ಮನೆಗೆ ನೆಂಟರು ಬಂದರೆ, "ಒಳಗೆ ಬರ್ರಿ, ಒಳಗೆ ಬರ್ರಿ, ಬಾಗ್ಲಾಗೆ ನಿಲ್‌ಬ್ಯಾಡ್ರಿ, ಹಿಂದೆ ಜಾಗ ಐತೆ!" ಎಂದು ಅಡುಗೆಮನೆಯವರೆಗೂ ತಳ್ಳುತ್ತಾರೆ. ಊಟಕ್ಕೆ ಕೂತರೆ "ರೈಟ್!" ಅನ್ನ ಸಾಕೆನಿಸಿದರೆ "ಹೋಲ್ಡಾನ್!" ಬೈಕಿನ ಮೇಲೂ ಇದೇ ಮಂತ್ರ. ಕಿಕ್ ಹೊಡೆದು "ರೈಟ್!" ಎಂದರೆ ಹೊರಟಿತು, ರಸ್ತೆಯಲ್ಲಿ ಹಂಪು ಕಂಡರೆ "ಹೋಲ್ಡಾನ್!" ಹಿಂದೆ ಕೂತಿರುವ ಪ್ಯಾಸೆಂಜರು ಅಕ್ಕ ಒಬ್ಬಳೇ ಆದರೂ ಈ ಕ್ರಮದಲ್ಲಿ ಲೋಪವಿಲ್ಲ. ಈಚೆಗಂತೂ ಭಾವ ಎಲ್ಲಿಗೆ ಹೊರಟರೂ ಅಕ್ಕ ಹಿಂದೆ ಹತ್ತಿಯೇ ಬಿಡುತ್ತಿದ್ದಳು.

ಬೈಕಿನ ಕಂಪನಿ ಯಾವುದೆಂದು ಕೇಳಬೇಡಿ, ಟ್ಯಾಂಕಿನ ಮೇಲಿನ ಹೆಸರು ಅಳಿಸಿಹೋಗಿ ಬಹಳ ಕಾಲವಾಯಿತು. ಗೇರಿನ ಪೆಡಲ್ಲು ಎಡಗಾಲಿನ ಕಡೆ ಇದೆ. ಅದರ ಮುಂದಿನ ತುದಿಯನ್ನು ಕಾಲ್ಬೆರಳ ಕಡೆಯಿಂದ ಒತ್ತಿದರೆ ಗೇರು ಏರುತ್ತದೆ, ಹಿಂದಿನ ತುದಿಯನ್ನು ಹಿಮ್ಮಡಿಯಿಂದ ತುಳಿದರೆ ಇಳಿಯುತ್ತದೆ. ಇಷ್ಟು ತಿಳಿದರೆ ಸಾಕು, ಮುಂದಿನದನ್ನು ಓದಲು ಲೈಸೆನ್ಸ್ ಬೇಕಿಲ್ಲ.

ಗೇರಿನ ಕಥೆಗೆ ಮುಂಚೆ ಚಪ್ಪಲಿಯ ಕಥೆ ಹೇಳಿಬಿಡುತ್ತೇನೆ. ಭಾವನ ಮನೆಯ ಜಗಲಿಯಲ್ಲಿ ಸಾಲಾಗಿ ಚಪ್ಪಲಿಗಳಿವೆ, ಎಲ್ಲವೂ ಬಲಗಾಲಿನವೇ! ಭಾವ ಎರಡು ಚಪ್ಪಲಿ ಮೆಟ್ಟಿ ಹೊರಡುತ್ತಾರೆ, ಒಂದೇ ಚಪ್ಪಲಿಯಲ್ಲಿ ವಾಪಸು ಬರುತ್ತಾರೆ. ಎಡಗಾಲಿನದು ಎಲ್ಲಿ ಹೋಯಿತೆಂದು ಕೇಳಿದರೆ ಅವರ ಬಳಿ ಸಿದ್ಧಾಂತ ತಯಾರಿತ್ತು.

"ಯಾರೋ ಕದೀತಾನೆ. ಬರೀ ಎಡಗಾಲಿಂದು ಕದೀತಾನೆ ಅಂದ್ರೆ ಏನರ್ಥ? ಅವನಿಗೆ ಬಲಗಾಲಿಲ್ಲ!"

"ಭಾವ, ಒಂಟಿ ಕಾಲಿನ ಕಳ್ಳ ನಿಮ್ಮ ಬೈಕಿನ ಹಿಂದೆ ಹೆಂಗೆ ಓಡಿ ಬರ್ತಾನ್ರೀ?"

"ಅದನ್ನೇ ನಾನೂ ಯೋಚ್ನೆ ಮಾಡಾಕೆ ಹತ್ತೀನಿ" ಎಂದರು ಗಂಭೀರವಾಗಿ. ಆಮೇಲೆ ಬಹಳ ದಿನ ನ್ಯಾಮತಿ ಸಂತೆಯಲ್ಲಿ ತರಕಾರಿ ನೋಡುವುದು ಬಿಟ್ಟು ಜನರ ಕಾಲು ನೋಡುತ್ತ ಓಡಾಡಿದರು.

ಹೀಗಿರುವಾಗ ಜಗಳೂರಿನಲ್ಲಿರುವ ಅವರ ಮಗಳಿಗೆ ದಿನ ತುಂಬಿತು. ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ತವರಿಗೆ ಬರುವ ಬದಲು ತವರೇ ಅಲ್ಲಿಗೆ ಹೋಗಬೇಕಾಯಿತು. ಅಕ್ಕ ಗಂಡನಿಗೆ ಚಟ್ನಿಪುಡಿ, ಉಪ್ಪಿನಕಾಯಿ, ರೊಟ್ಟಿಯ ಕಟ್ಟು ಎಲ್ಲ ಮಾಡಿಟ್ಟು, ಬಾಣಂತನಕ್ಕೆಂದು ಬಸ್ಸು ಹತ್ತಿದಳು. ಹೊರಡುವಾಗ ಗಂಡನಿಗೆ ಒಂದೇ ಮಾತು ಹೇಳಿದಳು. "ನಾನು ಬರೋ ತನಕ ಗಾಡಿ ಮುಟ್‌ಬ್ಯಾಡ್ರಿ." ಗಂಡಂದಿರಿಗೆ ಹೆಂಡತಿಯರು ಹೀಗೆ ಹೇಳುವುದು ಲೋಕದಲ್ಲಿ ಇದ್ದದ್ದೇ ಎಂದುಕೊಂಡು ನಾವ್ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಭಾವ ಬಸ್ಸಿಗೆ "ರೈಟ್!" ಹೇಳಿ ಕಳಿಸಿ, ಸೀದಾ ಮನೆಗೆ ಬಂದು ಬೈಕು ಹತ್ತಿದರು.

ಅವತ್ತಿನಿಂದ ಗೇರು ಇಳಿಯುವುದನ್ನು ನಿಲ್ಲಿಸಿತು!

ನಮಗೆ ಅದು ಗೊತ್ತಾದದ್ದು ಒಂದು ಭಾನುವಾರ. ಹೊನ್ನಾಳಿಯ ನಮ್ಮ ಮನೆಯ ಮುಂದೆ ಭಾವನ ಬೈಕಿನ ಸದ್ದು ಕೇಳಿತು. ನನ್ನ ಹೆಂಡತಿ ಬಾಗಿಲಿಗೆ ಬಂದಳು. ಭಾವ ನಿಲ್ಲಲಿಲ್ಲ. "ತಂಗೀ, ಕಾಫಿ ಇಡೂ..." ಎನ್ನುತ್ತ ಮುಂದೆ ಹೋಗಿಬಿಟ್ಟರು. ಏನಾಯಿತೆಂದು ನೋಡುವಷ್ಟರಲ್ಲಿ ಇಡೀ ಬೀದಿ ಸುತ್ತು ಹಾಕಿ ಮತ್ತೆ ಬಂದರು. "ಸಕ್ರೆ ಬ್ಯಾಡಾ..." ಮತ್ತೆ ಮಾಯ. ಮೂರನೇ ಸುತ್ತಿಗೆ "ಸೊಲ್ಪ ಹಾಕೂ..."

"ಅಣ್ಣಾ, ಇಳಿದು ಬಂದು ಹೇಳ್ರೀ!" ಎಂದು ನನ್ನ ಹೆಂಡತಿ ಕೂಗಿದಳು.

"ಗೇರು ಇಳೀವಲ್ದೂ..." ಎಂಬ ಉತ್ತರ ಮುಂದಿನ ಸುತ್ತಿನಲ್ಲಿ ಬಂತು.

ನಾನು ಬೀದಿಗೆ ಓಡಿ, "ಭಾವ, ಕ್ಲಚ್ ಹಿಡಿದು ಕೀ ತೆಗೀರಿ!" ಎಂದು ಅರಚಿದೆ. ಕೀ ತೆಗೆಯುವುದೇ? ನಡುರಸ್ತೆಯಲ್ಲಿ ಗಾಡಿ ಆಫ್ ಮಾಡುವುದು ಅವರ ಪ್ರಕಾರ ಕಂಡಕ್ಟರ್ ಕುಲಕ್ಕೇ ಅವಮಾನ. ಕೊನೆಗೆ ಪಕ್ಕದವರು ಮನೆ ಕಟ್ಟಲು ಹಾಕಿಸಿದ್ದ ಮರಳಿನ ಗುಡ್ಡೆಗೆ ನುಗ್ಗಿ ಬೈಕು ತಾನಾಗಿ ನಿಂತಿತು. ಭಾವ ಮರಳು ಕೊಡವಿಕೊಂಡು, ಏನೂ ಆಗದವರ ಹಾಗೆ ಒಳಗೆ ಬಂದು, "ಕಾಫಿ ಆತಾ?" ಎಂದರು. ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಮಾರನೇ ದಿನ ಹೊನ್ನಾಳಿಯ ನಮ್ಮ ಮೆಕ್ಯಾನಿಕ್ ಬಾಷಾನ ಅಂಗಡಿಯಲ್ಲಿ ತಪಾಸಣೆ ಶುರುವಾಯಿತು. ಬಾಷಾ ಕ್ಲಚ್ ಕೇಬಲ್ ಬಿಗಿ ಮಾಡಿದ. ಕಪ್ಪಗಾಗಿದ್ದ ಎಂಜಿನ್ ಆಯಿಲ್ ತೆಗೆದು ಹೊಸದು ಹಾಕಿದ. ಬೈಕು ಹತ್ತಿ ಒಂದು ಸುತ್ತು ಹೋಗಿ ಬಂದು, "ಬೆಣ್ಣೆ ಹಂಗೆ ಬೀಳ್ತೈತಲ್ರೀ ಸಾವ್ಕಾರ್ರೇ!" ಎಂದ. ಭಾವ ಹತ್ತಿದರು, ಗೇರು ಬೀಳಲಿಲ್ಲ. ಬಾಷಾ ಹತ್ತಿದ, ಬಿತ್ತು. ಭಾವ ಹತ್ತಿದರು, ಇಲ್ಲ.

"ನಿನ್ ಮುಂದೆ ನಾಟ್ಕ ಮಾಡ್ತೈತೆ ಕಣಪ್ಪ. ಡಾಕ್ಟ್ರ ಮುಂದೆ ಹುಡುಗ್ರಿಗೆ ಜ್ವರ ಇಳಿಯಂಗಿಲ್ವಾ, ಹಂಗೆ."

"ನೀವು ಹೆಂಗೆ ತುಳೀತೀರಿ, ಸೊಲ್ಪ ತೋರ್ಸ್ರೀ."

"ನಿಂಗೆ ಮೀಸೆ ಬರೋಕೆ ಮುಂಚೆಯಿಂದ ತುಳೀತಾ ಇದೀನಿ. ನಂಗೇ ತುಳಿಯಾಕೆ ಕಲಿಸ್ತೀಯಾ?" ಎಂದು ಭಾವ ಆವೇಶದಲ್ಲಿ ಎಡಗಾಲು ಎತ್ತಿ ಧಡ್ ಎಂದು ತುಳಿದರು. ಬಾಷಾ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಗೇರಿಗೇನೂ ಆಗಿಲ್ರೀ. ಕಾಲಿಡೋ ರಾಡು ಬೆಂಡಾಗೈತೆ, ಅದೆಂಗೆ?" ಅದು ಹೇಗೆಂದು ನಾನೂ ಯೋಚಿಸಲಿಲ್ಲ, ಭಾವನೂ ಯೋಚಿಸಲಿಲ್ಲ. ರಾಡು ನೆಟ್ಟಗೆ ಮಾಡಿಸಿಕೊಂಡು ಬಂದೆವು.

ಬಾಷಾನ ಮೇಲೆ ನಂಬಿಕೆ ಹೋಗಿ ಭಾವ ಚನ್ನಗಿರಿಗೆ ಹೊರಟರು. ಅಲ್ಲೊಬ್ಬ ಗೇರ್ ಬಾಕ್ಸ್ ತಜ್ಞನಿದ್ದಾನಂತೆ, ಕಿವಿಗೊಟ್ಟು ಕೇಳಿಯೇ ರೋಗ ಹೇಳುತ್ತಾನಂತೆ. ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ತಜ್ಞ ಎಂಜಿನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿ, "ಬಿಚ್ಬೇಕು" ಎಂದ. ಅಷ್ಟು ಹೇಳಲು ಕಿವಿ ಯಾಕೆ ಬೇಕಿತ್ತೋ! ಬಿಚ್ಚಿದ, ತೊಳೆದ, ಮುಚ್ಚಿದ. ಮುಚ್ಚಿದ ಮೇಲೆ ಗೋಣಿಚೀಲದ ಮೇಲೆ ಒಂದು ನಟ್ಟು ಉಳಿದಿತ್ತು.

"ಇದು?" ಎಂದರು ಭಾವ.

"ಅದು ಮೊದ್ಲಿಂದಾನೂ ಎಕ್ಸ್‌ಟ್ರಾನೇ ಇತ್ತು."

"ಅಂದ್ರೆ ಇಷ್ಟು ವರ್ಷ ನನ್ ಗಾಡ್ಯಾಗೆ ಟಿಕೇಟ್ ಇಲ್ದಂಗೆ ಓಡಾಡೈತಾ!" ಎಂದು ಭಾವ ಆ ನಟ್ಟನ್ನು ಎತ್ತಿ ಬೀದಿಗೆ ಬಿಸಾಕಿದರು. ತಜ್ಞ ಓಡಿಸಿದರೆ ಗೇರು ಬಿತ್ತು. ಭಾವ ಓಡಿಸಿದರೆ ಬೀಳಲಿಲ್ಲ.

ಅಷ್ಟಕ್ಕೆ ಸುಮ್ಮನಾಗುವ ಮನುಷ್ಯನೇ? ಒಂದು ವಾರ ಯೋಚಿಸಿ ಹೊಸ ಸಿದ್ಧಾಂತದೊಡನೆ ಬಂದರು. "ನಿಮ್ಮಕ್ಕ ಹಿಂದೆ ಕೂತಾಗ ಒಂದು ದಿನಾನೂ ಹಿಂಗಾಗಿಲ್ಲ ಕಣಪ್ಪ ಬಾಮೈದ. ಲೋಡು! ಇದಕ್ಕೆ ಹಿಂದೆ ಲೋಡ್ ಬೇಕು. ಲೋಡ್ ಬಿದ್ರೆ ಚೈನ್ ಬಿಗಿಯಾಗ್ತೈತೆ, ಚೈನ್ ಬಿಗಿಯಾದ್ರೆ ಗೇರ್ ಬೀಳ್ತೈತೆ." ಕೇಳಲು ವಿಜ್ಞಾನದಂತೆಯೇ ಇತ್ತು. ಮೊದಲು ಹಿಂದಿನ ಸೀಟಿಗೆ ಭತ್ತದ ಚೀಲ ಕಟ್ಟಿ ನೋಡಿದರು, ಆಗಲಿಲ್ಲ. ಚೀಲಕ್ಕೆ ಜೀವವಿಲ್ಲ, ಅದಕ್ಕೇ ಆಗಲಿಲ್ಲ ಎಂದು ತೀರ್ಮಾನವಾಗಿ, ಜೀವವಿರುವ ಚೀಲವಾಗಿ ನಾನು ಆಯ್ಕೆಯಾದೆ. ನಾನು ಕೂತರೂ ಗೇರು ಬೀಳಲಿಲ್ಲ.

"ನೀನು ಎರಡೂ ಕಡೆ ಕಾಲು ಹಾಕಿ ಕೂತೀಯಲ್ಲ, ಅದ್ಕೇ! ನಿಮ್ಮಕ್ಕ ಹೆಂಗೆ ಕೂರ್ತಾಳೆ? ಒಂದೇ ಕಡೆ. ಲೋಡು ಎಡಕ್ಕೆ ಬೀಳ್ಬೇಕು. ಗೇರ್ ಇರೋದೂ ಎಡಕ್ಕೇ ಅಲ್ವಾ? ಒಂದೇ ಕಡೆ ಕೂತ್ಕ!"

ನಾನು ಹೊನ್ನಾಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೀಸೆ ಇದೆ, ಹೊಟ್ಟೆ ಇದೆ, ಅಷ್ಟಿಷ್ಟು ಮರ್ಯಾದೆಯೂ ಇದೆ. ಅಂಥವನು ಎರಡೂ ಕಾಲನ್ನು ಎಡಗಡೆ ಇಳಿಬಿಟ್ಟುಕೊಂಡು, ಭಾವನ ಸೊಂಟ ಹಿಡಿದುಕೊಂಡು ನ್ಯಾಮತಿಯ ಮುಖ್ಯ ರಸ್ತೆಯಲ್ಲಿ ಹೋದೆ ಎಂದರೆ ನಂಬುತ್ತೀರಾ? ಬಸ್‌ಸ್ಟಾಂಡಿನಲ್ಲಿ ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೈಮುಗಿದು, "ಸರ್, ಸೆರಗು ಚಕ್ರಕ್ಕೆ ಸಿಕ್ಕೀತು, ಹುಷಾರು!" ಎಂದಳು. ಭಾವ ಬಿದ್ದು ಬಿದ್ದು ನಕ್ಕರು. ನಾನು ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ಬಿಟ್ಟರೆ ಬೀಳುವ ಭಯ.

ಸೂರಗೊಂಡನಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಹಂಪು ಬಂತು. "ಹೋಲ್ಡಾನ್!" ಎಂದು ಭಾವ ಕ್ಲಚ್ ಹಿಡಿದು ಧಡ್ ಎಂದು ತುಳಿದರು. ಗೇರು ಬೀಳಲಿಲ್ಲ, ನಾನು ಬಿದ್ದೆ. ಬೈಕು ಗಡಗಡ ನಡುಗಿ ಆಫ್ ಆಯಿತು. ಪುಣ್ಯಕ್ಕೆ ಹಿಂದಿನಿಂದ ಬರುತ್ತಿದ್ದ ಟ್ರ್ಯಾಕ್ಟರಿನವನು ಸಮಯಕ್ಕೆ ಬ್ರೇಕ್ ಹಾಕಿದ. ಇಲ್ಲದಿದ್ದರೆ ಈ ಬರಹವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ನಾನು ಧೂಳು ಕೊಡವಿಕೊಂಡು ಎದ್ದು, ಭಾವ ಇನ್ನೇನು ಚೈನಿಗೋ ನನ್ನ ತೂಕಕ್ಕೋ ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಮಣ್ಣಿನಲ್ಲಿದ್ದ ನನ್ನ ಕಾಲನ್ನೇ ಬಹಳ ಹೊತ್ತು ನೋಡಿದರು. ಚಪ್ಪಲಿ ಕಳ್ಳ ಎಂದು ನನ್ನ ಮೇಲೇ ಅನುಮಾನ ಬಂತೇನೋ ಎಂದುಕೊಂಡೆ.

"ಸಾಕು ಬಿಡು. ರಿಪೇರಿ ಸಾಕು" ಎಂದರು. ವಾಪಸು ಬರುವಾಗ, "ನೀನೇ ಓಡ್ಸು" ಎಂದು ಹಿಂದೆ ಕೂತರು. ದಾರಿಯುದ್ದಕ್ಕೂ ಒಂದು "ಹೋಲ್ಡಾನ್" ಕೂಡ ಇಲ್ಲ.

ಅಲ್ಲಿಂದ ಮುಂದೆ ಭಾವ ಬೈಕನ್ನು ಮುಟ್ಟಲಿಲ್ಲ. ಮಗಳಿಗೆ ಹೆರಿಗೆಯಾಗಿ, ಮೊಮ್ಮಗಳಿಗೆ ಮೂರು ತಿಂಗಳು ತುಂಬಿ, ಅಕ್ಕ ಊರಿಗೆ ವಾಪಸಾಗುವ ದಿನ ಬಂದಾಗ ಮಾತ್ರ, "ಅವಳನ್ನ ಗಾಡ್ಯಾಗೇ ಕರ್ಕಂಡ್ ಬರಾಣ" ಎಂದು ಹಟ ಹಿಡಿದರು. ಆದರೆ ಹೋಗುವಾಗ ಬೈಕನ್ನು ನಾನು ಓಡಿಸಬೇಕಂತೆ, ನನ್ನ ಗೇರಿಲ್ಲದ ಸ್ಕೂಟರನ್ನು ಅವರು ಓಡಿಸುತ್ತಾರಂತೆ! ಆ ಸ್ಕೂಟರನ್ನು ಹಾಲಿನ ಡಬ್ಬ ಎಂದು ಹೀಯಾಳಿಸುತ್ತಿದ್ದವರು ಇದೇ ಭಾವ. ಯಾಕೆಂದು ಕೇಳಿದರೆ, "ಗಾಡಿಗೆ ಹೊಸಬ್ರ ಕಾಲು ಬೇಕು" ಎಂದರು. ದಾವಣಗೆರೆ ದಾಟಿ ಜಗಳೂರಿನವರೆಗೂ ಹೋದೆ, ನನಗೆ ಗೇರು ಒಂದು ಸಲವೂ ಕೈಕೊಡಲಿಲ್ಲ. ಚನ್ನಗಿರಿಯವನು ಬಿಚ್ಚಿದ್ದು ತಡವಾಗಿ ಕೆಲಸ ಮಾಡುತ್ತಿದೆ ಎಂದು ಭಾವಿಸಿದೆ. ಜಗಳೂರು ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಭಾವ ಸ್ಕೂಟರಿನಿಂದ ಇಳಿದು, ತಲೆ ಬಾಚಿಕೊಂಡು, ಬೈಕು ಹತ್ತಿ, ಮೊದಲನೇ ಗೇರಿನಲ್ಲೇ ಮೆಲ್ಲಗೆ ಸಾಗಿ, ಮಗಳ ಮನೆಯ ಮುಂದೆ ರಾಜನಂತೆ ಹೋಗಿ ನಿಂತರು. ಅಕ್ಕ ಹೊಸ್ತಿಲಲ್ಲಿ ನಿಂತು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಎಡಗಾಲನ್ನು.

ವಾಪಸು ಬರುವಾಗ ಅಕ್ಕ ಬೈಕಿನ ಹಿಂದೆ ಎಂದಿನಂತೆ ಒಂದೇ ಕಡೆ ಕೂತಳು. ತೊಡೆಯ ಮೇಲೊಂದು ಚೀಲ, ಬಾಯಲ್ಲಿ ಮೊಮ್ಮಗಳ ಪುರಾಣ. ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಮೊದಲ ಹಂಪು ಬಂತು. "ಹೋಲ್ಡಾನ್!" ಗೇರು ಬಿತ್ತು! ಎರಡನೆಯದು ಬಂತು. "ಹೋಲ್ಡಾನ್!" ಮತ್ತೆ ಬಿತ್ತು! ಭಾವ ತಿರುಗಿ ನನ್ನತ್ತ ಕೂಗಿದರು. "ನೋಡ್ದಾ ಬಾಮೈದ? ಲೋಡು!"

ನಾನೂ ಕೂಗಿ ಏನಾದರೂ ಹೇಳುವವನಿದ್ದೆ. ಅಷ್ಟರಲ್ಲಿ ಮೂರನೇ ಹಂಪು ಬಂತು. ಭಾವ ಎಂದಿನಂತೆ ಎಡಗಾಲು ಎತ್ತಿ ಧಡ್ ಎಂದು ತುಳಿದರು. ಅವರ ಹಿಮ್ಮಡಿ ಬಿದ್ದದ್ದು ಪೆಡಲ್ಲಿನ ಮೇಲಲ್ಲ, ಕಾಲಿಡುವ ರಾಡಿನ ಮೇಲೆ! ಅದೇ ಹೊತ್ತಿಗೆ ಹಿಂದಿನಿಂದ ಇನ್ನೊಂದು ಕಾಲು ಮುಂದೆ ಚಾಚಿತು. ಚಪ್ಪಲಿ ಕಳಚಿದ ಬರಿಗಾಲು, ಬೆರಳಿನಲ್ಲಿ ಕಾಲುಂಗುರ. ಅದು ಪೆಡಲ್ಲಿನ ಹಿಂದಿನ ತುದಿಯನ್ನು ಒತ್ತಿ, ಸದ್ದಿಲ್ಲದೆ ಹಿಂದಕ್ಕೆ ಬಂತು. ಅಕ್ಕ ಮಾತು ನಿಲ್ಲಿಸಿರಲಿಲ್ಲ. ಮೊಮ್ಮಗಳು ಹೇಗೆ ಆಕಳಿಸುತ್ತಾಳೆಂದು ಹೇಳುತ್ತಲೇ ಇದ್ದಳು.

ದಾವಣಗೆರೆ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ನಿಂತೆವು. ಭಾವ ಮಂಡಕ್ಕಿ ಮಿರ್ಚಿ ಹೇಳಲು ಒಳಗೆ ಹೋದರು. ನಾನು ಅಕ್ಕನ ಕಾಲನ್ನೇ ನೋಡಿದೆ. ಅವಳಿಗೆ ತಿಳಿಯಿತು.

"ನೋಡಿಬಿಟ್ಟಾ?" ಎಂದಳು. "ಅವ್ರಿಗೆ ಹೇಳ್‌ಬ್ಯಾಡ ಕಣೋ."

"ಏನಕ್ಕಾ ಇದು?"

"ಶುಗರ್ರು. ಎಡಗಾಲಿಗೆ ಸ್ಪರ್ಶನೇ ಇಲ್ಲ. ಒಂದಿನ ಪಡಸಾಲೆ ತುಂಬ ರಕ್ತದ ಹೆಜ್ಜೆ ಇದ್ವು. 'ಯಾರ್ದೇ ಇದು?' ಅಂತ ನನ್ನೇ ಕೇಳ್ತಾರೆ! ಅವ್ರ ಕಾಲಿಗೇ ಗಾಜು ಹೊಕ್ಕಿತ್ತು. ಹೇಳಿದ್ರೆ, ಕಂಡಕ್ಟ್ರು ಕಾಲು, ಚರ್ಮ ದಪ್ಪ ಅಂತ ನಕ್ಕುಬಿಟ್ರು. ಚಪ್ಲಿ ಜಾರಿದ್ದೂ ಗೊತ್ತಾಗಲ್ಲ, ಪೆಡ್ಲು ಯಾವ್ದು ರಾಡು ಯಾವ್ದು ಅಂತಾನೂ ಗೊತ್ತಾಗಲ್ಲ."

ಜಗಲಿಯ ಮೇಲಿನ ಆ ಒಂಟಿ ಚಪ್ಪಲಿಗಳು ನನ್ನ ಕಣ್ಣ ಮುಂದೆ ಬಂದವು. ಎಷ್ಟು ನಕ್ಕಿದ್ದೆವು ಅವುಗಳನ್ನು ನೋಡಿ!

"ದೊಡ್ಡ ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಬರಲ್ಲ ಅಂತಾರೆ. ಗಾಡಿ ಕೆಟ್ಟೈತೆ ಅಂದ್ರೆ ಚನ್ನಗಿರಿ ತನ್ಕ ಓಡ್ತಾರೆ. ಕಾಲು ಕೆಟ್ಟೈತೆ ಅಂದ್ರೆ ಮೂಲೆ ಹಿಡೀತಾರೆ ಕಣೋ. ಆ ಮನುಷ್ಯ ಸುಮ್ನೆ ಕೂತಿದ್ನ ನಾನು ನೋಡಾಕಾಗಲ್ಲ. ಅದ್ಕೇ ನಾನು ಇಲ್ದಾಗ ಮುಟ್‌ಬ್ಯಾಡ್ರಿ ಅಂದಿದ್ದೆ. ಜಗಳೂರಾಗೆ ಕೂಸಿಗೆ ನೀರು ಹಾಕ್ತಾ ಇದ್ರೂ ಜೀವ ಎಲ್ಲ ಇಲ್ಲೇ."

ಮಿರ್ಚಿಯ ತಟ್ಟೆ ಹಿಡಿದು ಭಾವ ಬಂದರು. "ಏನು ಅಕ್ಕ-ತಮ್ಮ ಗುಟ್ಟು? ಮುಂದೆ ಬರ್ರಿ, ಮುಂದೆ ಬರ್ರಿ, ಬಿಸಿ ಐತೆ!" ನಾನು ಅವರ ಎಡಗಾಲಿನ ಕಡೆ ನೋಡದೆ ಮಿರ್ಚಿಗೆ ಕೈ ಹಾಕಿದೆ.

ಆಮೇಲೆ ಹತ್ತು-ಹನ್ನೆರಡು ದಿನ ಕಳೆದಿರಬೇಕು. ಶಾಲೆಯಿಂದ ಬರುವಾಗ ಬಾಷಾನ ಅಂಗಡಿಯಲ್ಲಿ ಭಾವನ ಬೈಕು ಕಂಡಿತು. ಇನ್ನೂ ಎಂಥ ರಿಪೇರಿ ಎಂದು ಒಳಗೆ ಹೋದೆ. ಬಾಷಾ ವೆಲ್ಡಿಂಗ್ ಮುಗಿಸಿ ನೀರು ಹಾಕುತ್ತಿದ್ದ. ಗೇರಿನ ಪೆಡಲ್ಲಿನ ಹಿಂದಿನ ತುದಿ ಒಂದು ಗೇಣಿನಷ್ಟು ಹಿಂದಕ್ಕೆ ಬೆಳೆದಿತ್ತು. ಭಾವ ಸ್ಟೂಲಿನ ಮೇಲೆ ಕೂತು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತಿದ್ದರು.

"ಇದೇನ್ ಭಾವ?"

ಭಾವ ತಲೆ ಎತ್ತಲಿಲ್ಲ. "ಅವಳಿಗೆ ಮಂಡಿ ನೋವು ಕಣೋ. ಅಷ್ಟು ದೂರ ಚಾಚಿ ಚಾಚಿ ಒತ್ಬೇಕು, ಪಾಪ."

ನಾನು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತೆ. ಅವರೇ ಮುಂದುವರಿಸಿದರು.

"ಅವತ್ತು ನೀನು ಒಂದೇ ಕಡೆ ಕೂತಿದ್ದೆ ನೋಡು, ಆಗ ಗೊತ್ತಾತು. ಎಲ್ಲಾ ಅವಳಂಗೇ ಇತ್ತು. ನಿನ್ ಕಾಲು ಮಾತ್ರ ಸುಮ್ನಿತ್ತು." ಟ್ಯೂಬಿನ ಪಟ್ಟಿಯನ್ನು ಪೆಡಲ್ಲಿಗೆ ಬಿಗಿಯಾಗಿ ಸುತ್ತತೊಡಗಿದರು. "ಬರಿಗಾಲಾಗೆ ಒತ್ತಾಳೆ. ಬಿಸ್ಲಾಗೆ ಕಬ್ಣ ಸುಡ್ತೈತೆ. ಅವಳಿಗೆ ಹೇಳ್‌ಬ್ಯಾಡ ಮತ್ತೆ, ನಂಗೆ ಗೊತ್ತಿಲ್ಲ ಅಂತ್ಲೇ ಇರ್ಲಿ."

"ಕಾಲು, ಭಾವ?"

"ನಾಡಿದ್ದು ದಾವಣಗೆರೆಗೆ ತೋರ್ಸಾಕೆ ಹೋಗಾಣ, ನೀನೂ ಬಾ. ಅವಳಿಗೆ ಗಾಡಿ ಸಾಮಾನು ತರಾಕೆ ಅಂತ ಹೇಳೀನಿ. ಇನ್ಮುಂದೆ ನಾನೊಬ್ನೇ ಇದ್ರೆ ಬಸ್ಸು. ಅವಳು ಇದ್ರಷ್ಟೇ ಗಾಡಿ." ಟಾಪ್ ಗೇರಿನ ಭಾವ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಬಾಷಾ ನೋಡುತ್ತಿದ್ದಾನೆಂದು ಕೂಡ ಲೆಕ್ಕಿಸದೆ ನಾನು ಕಣ್ಣೊರೆಸಿಕೊಂಡೆ.

ಮೊನ್ನೆ ಇಬ್ಬರೂ ಬೈಕಿನಲ್ಲಿ ನಮ್ಮ ಮನೆಗೆ ಬಂದಿದ್ದರು. ಭಾವ ಬೆಲ್ಟಿರುವ ಹೊಸ ಚಪ್ಪಲಿ ಹಾಕಿದ್ದರು, ಎರಡೂ ಕಾಲಿನಲ್ಲಿ ಎರಡೂ ಇದ್ದವು. ಅವರು ಒಳಗೆ ಕೂತು ನನ್ನ ಹೆಂಡತಿಯೊಡನೆ ಕಾಫಿಗೆ ಸಕ್ಕರೆಯ ಜಗಳ ಆಡುತ್ತಿದ್ದಾಗ ಅಕ್ಕ ನನ್ನನ್ನು ಬೈಕಿನ ಬಳಿ ಕರೆದು ಪಿಸುಗುಟ್ಟಿದಳು.

"ಈ ಪೆಡ್ಲು ಹತ್ರಕ್ಕೆ ಬಂದೈತಲ್ಲೋ! ಕಾಲು ಚಾಚಂಗೇ ಇಲ್ಲ, ಇಟ್ಟಲ್ಲೇ ಸಿಗ್ತೈತೆ. ಮೇಲೆ ಮೆತ್ತಗೆ ಬೇರೆ ಐತೆ. ಹೆಂಗೋ ಇದು?"

"ಹಳೇ ಗಾಡಿ ಅಕ್ಕ" ಎಂದೆ. "ಸವೆದು ಸವೆದು ಹಿಂದಕ್ಕೆ ಬಂದಿರ್ಬೇಕು."

ಅಕ್ಕ ಬಗ್ಗಿ ಆ ಟ್ಯೂಬಿನ ಸುತ್ತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೊನೆಯಲ್ಲಿ ಹಾಕಿದ ಗಂಟನ್ನೂ ನೋಡಿದಳು. ಗೋವಿನಕೋವಿಯ ಮನೆಯಲ್ಲಿ ಭತ್ತದ ಚೀಲಕ್ಕೆಲ್ಲ ಆ ಗಂಟು ಹಾಕುವವರು ಒಬ್ಬರೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ, ಸವೆದೇ ಬಂದಿರ್ಬೇಕು" ಎಂದಳು.